ಒಂದು ಚೀಲ ರೋಬಸ್ಟಾ ಚೆರ್ರಿಯ ಬೆಲೆ ಬಿಡಿಸಿ ನೋಡಿದರೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಾಫಿ ವ್ಯಾಪಾರಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೆಳಗಾದರೆ ನಾಲ್ಕು ಸಾಲು ಬರುತ್ತವೆ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ. ಅರೇಬಿಕಾ, ರೋಬಸ್ಟಾ ಕಾಫಿಯ ಎರಡು ಜಾತಿ; ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ್ದು, ಚೆರ್ರಿ ಎಂದರೆ ಹಣ್ಣನ್ನು ಇಡಿಯಾಗಿ ಒಣಗಿಸಿದ್ದು. ನಾಲ್ಕೂ 50 ಕಿಲೋ ಚೀಲದ ಬೆಲೆಯ ಲೆಕ್ಕ. ಅರ್ಥಶಾಸ್ತ್ರದ ಪಠ್ಯದಲ್ಲಿ ವಿನಿಮಯ ದರಕ್ಕೆ ಒಂದು ಅಧ್ಯಾಯ, ಸುಂಕಕ್ಕೆ ಇನ್ನೊಂದು, ಬಡ್ಡಿಗೆ ಮತ್ತೊಂದು ಇರುತ್ತದೆ. ಆ ಮೂರೂ ಸೇರಿ ದಿನವೂ ಏನು ಮಾಡುತ್ತವೆ ಎಂದು ತಿಳಿಯಬೇಕಾದರೆ ಈ ನಾಲ್ಕನೇ ಸಾಲಿಗಿಂತ ಒಳ್ಳೆಯ ಪಾಠ ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗೆ ಬೇರೆ ಸಿಗದು.

ಮೊದಲಿಗೆ ಒಂದು ವಿಷಯ. ಈ ಬೆಲೆಯನ್ನು ಇಲ್ಲಿ ಯಾರೂ ನಿಗದಿ ಮಾಡುವುದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ 60 ಕಿಲೋ ತೂಕದ ಸುಮಾರು 17 ಕೋಟಿ ಚೀಲ ಕಾಫಿ ಬೆಳೆಯುತ್ತದೆ. ಭಾರತದ್ದು ಸುಮಾರು ಮೂರೂವರೆ ಲಕ್ಷ ಟನ್, ಅಂದರೆ ನೂರರಲ್ಲಿ ಮೂರು ಮೂರೂವರೆ ಪಾಲು. ಅದರಲ್ಲಿ ಸುಮಾರು ಶೇ. 70 ಕರ್ನಾಟಕದ್ದು, ಬೆಳೆದದ್ದರ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಇಷ್ಟು ಸಣ್ಣ ಪಾಲು ಇಟ್ಟುಕೊಂಡವರು ಬೆಲೆ ಹೇಳುವುದಿಲ್ಲ, ಕೇಳುತ್ತಾರೆ. ಪಠ್ಯಪುಸ್ತಕದ ‘ಬೆಲೆ ಸ್ವೀಕರಿಸುವವ’ ಎಂದರೆ ಆಲ್ದೂರಿನ ಐದು ಎಕರೆ ಬೆಳೆಗಾರ.

ಹಿಂದೆ ಹೀಗಿರಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರ ತನ್ನ ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನು ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು, ಎಷ್ಟೋ ಸಲ ಮುಂದಿನ ಕೊಯ್ಲು ಬಂದರೂ ಹಿಂದಿನ ಕಂತು ಬಾಕಿ ಇರುತ್ತಿತ್ತು. ಜಗತ್ತಿನ ಮಟ್ಟದಲ್ಲೂ 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಪ್ರತಿ ದೇಶಕ್ಕೂ ರಫ್ತು ಕೋಟಾ ಕೊಟ್ಟು ಬೆಲೆಯನ್ನು ಹಿಡಿದಿಟ್ಟಿತ್ತು. 1989ರ ಜುಲೈನಲ್ಲಿ ಕೋಟಾ ಮುರಿದುಬಿತ್ತು, ಬೆಲೆ ನೆಲ ಕಚ್ಚಿತು. 1990ರ ದಶಕದ ಮಧ್ಯಭಾಗಕ್ಕೆ ಇಲ್ಲಿಯ ಪೂಲ್ ಕೂಡ ಹೋಯಿತು. ಅಂದಿನಿಂದ ಬೆಳೆಗಾರನಿಗೂ ಲಂಡನ್‌ನ ಕಾಫಿ ಮಾರುಕಟ್ಟೆಗೂ ನಡುವೆ ಅಡ್ಡಗೋಡೆ ಇಲ್ಲ. ಬೆಲೆ ಏರಿದಾಗ ಇದು ವರವಾಗಿ ಕಂಡಿತು. 2001-02ರ ಕುಸಿತದಲ್ಲಿ ಅದೇ ಬೆಳೆಗಾರರು ಪೂಲ್ ನೆನೆಸಿಕೊಂಡರು.

ಲೆಕ್ಕ ಹಾಕುವ ಬಗೆ

ರೋಬಸ್ಟಾದ ಅಂತರರಾಷ್ಟ್ರೀಯ ಬೆಲೆ ಲಂಡನ್‌ನ ಐಸಿಇ ಫ್ಯೂಚರ್ಸ್ ವಿನಿಮಯ ಕೇಂದ್ರದಲ್ಲಿ ಹುಟ್ಟುತ್ತದೆ. ಮುಂದಿನ ತಿಂಗಳುಗಳಲ್ಲಿ ಕೊಡುವ ಸರಕಿಗೆ ಇವತ್ತೇ ಬೆಲೆ ಕಟ್ಟಿ ಕೊಂಡು ಮಾರುವ ಜಾಗ ಅದು. ಬೆಲೆ ಒಂದು ಟನ್ನಿಗೆ ಇಷ್ಟು ಡಾಲರ್ ಎಂದು. ಒಂದು ಕಾಂಟ್ರ್ಯಾಕ್ಟ್ ಎಂದರೆ 10 ಟನ್. ಅರೇಬಿಕಾದ್ದು ನ್ಯೂಯಾರ್ಕ್‌ನಲ್ಲಿ. ಅಲ್ಲಿ ಬೆಲೆ ಒಂದು ಪೌಂಡಿಗೆ ಇಷ್ಟು ಸೆಂಟ್ ಎಂದು. ಒಂದು ಕಾಂಟ್ರ್ಯಾಕ್ಟ್ 37,500 ಪೌಂಡ್, ಅಂದರೆ ಸುಮಾರು 17 ಟನ್. ವಿದ್ಯಾರ್ಥಿಗಳು ಎಡವುವುದು ಬಹುತೇಕ ಇಲ್ಲೇ. ಪೌಂಡನ್ನು ಕಿಲೋ ಎಂದುಕೊಂಡರೆ ಬೆಲೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಸೆಂಟ್ ಬೆಲೆಯನ್ನು 22.046ರಿಂದ ಗುಣಿಸಿದರೆ ಟನ್ನಿನ ಡಾಲರ್ ಬೆಲೆ ಸಿಗುತ್ತದೆ. 300 ಸೆಂಟ್ ಎಂದರೆ ಟನ್ನಿಗೆ ಸುಮಾರು 6,614 ಡಾಲರ್.

ಈಗ ರೋಬಸ್ಟಾ ಚೆರ್ರಿಯನ್ನೇ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ಕಲಿಯಲು ಹಿಡಿದವು, ಇವತ್ತಿನ ದರವಲ್ಲ. ಲಂಡನ್ 4,500 ಡಾಲರ್, ಒಂದು ಡಾಲರಿಗೆ 88 ರೂಪಾಯಿ ಇರಲಿ. ಗುಣಿಸಿದರೆ ಟನ್ನಿಗೆ 3,96,000 ರೂಪಾಯಿ, ಕಿಲೋಗೆ 396. ಇದು ಸಿಪ್ಪೆ ತೆಗೆದು ಶುದ್ಧ ಮಾಡಿದ ಕ್ಲೀನ್ ಕಾಫಿಯ ಬೆಲೆ. ಇದರಲ್ಲಿ ಕ್ಯೂರಿಂಗ್ (ಸಿಪ್ಪೆ ತೆಗೆದು ಶುದ್ಧ ಮಾಡುವ ಕೆಲಸ), ಗೋಣಿಚೀಲ, ಮಂಗಳೂರಿನ ಬಂದರಿನವರೆಗಿನ ಲಾರಿ ಬಾಡಿಗೆ, ಬಂದರಿನ ಖರ್ಚು, ಬ್ಯಾಂಕ್ ಬಡ್ಡಿ, ರಫ್ತುದಾರ ಮತ್ತು ವ್ಯಾಪಾರಿಯ ಲಾಭ ಎಲ್ಲ ಸೇರಿ 20 ರೂಪಾಯಿ ಕಳೆಯೋಣ. ಉಳಿದದ್ದು 376.

ಬೆಳೆಗಾರ ಮಾರುವುದು ಮಾತ್ರ ಕ್ಲೀನ್ ಕಾಫಿಯನ್ನಲ್ಲ, ಕಣದಲ್ಲಿ ಒಣಗಿಸಿದ ಚೆರ್ರಿಯನ್ನು. 50 ಕಿಲೋ ಚೆರ್ರಿಯಿಂದ ಎಷ್ಟು ಕಿಲೋ ಬೀಜ ಸಿಗುತ್ತದೆ ಎನ್ನುವುದೇ ಔಟ್‌ಟರ್ನ್; ವ್ಯಾಪಾರದ ಮಾತಿನಲ್ಲಿ ಬರೀ ಓಟಿ. 26.5 ಓಟಿ ಎಂದಿಟ್ಟುಕೊಂಡರೆ 376 × 26.5 = 9,964 ರೂಪಾಯಿ. ಚೀಲದ ಬೆಲೆ ಇದು.

ಇನ್ನು ಒಂದೊಂದೇ ಅಂಕಿಯನ್ನು ಅಲುಗಾಡಿಸಿ ನೋಡಿ. ರೂಪಾಯಿ 88ರಿಂದ 90ಕ್ಕೆ ಇಳಿದರೆ ಚೀಲಕ್ಕೆ ಸುಮಾರು 238 ರೂಪಾಯಿ ಹೆಚ್ಚು. ಓಟಿ 26.5ರಿಂದ 24.5ಕ್ಕೆ ಇಳಿದರೆ 752 ರೂಪಾಯಿ ಕಡಿಮೆ. ಅಂದರೆ ಜೊಳ್ಳು ಕಾಯಿ, ಬೆರಿ ಬೋರರ್ ಎಂಬ ಹುಳು ಕೊರೆದ ಕಾಯಿ ಹೆಚ್ಚಿದ್ದರೆ ಆಗುವ ನಷ್ಟ, ರೂಪಾಯಿ ಕುಸಿತದಿಂದ ಬರುವ ಲಾಭವನ್ನು ಮೂರು ಪಟ್ಟು ನುಂಗುತ್ತದೆ. ತೇವಾಂಶವೂ ಹಾಗೆಯೇ. ರೋಬಸ್ಟಾ ಚೆರ್ರಿಗೆ 11 ಶೇಕಡಾ ತೇವ ಸರಿಯಾದ ಮಟ್ಟ. 13ರಲ್ಲಿ ಚೀಲ ಕಟ್ಟಿದರೆ 50 ಕಿಲೋದಲ್ಲಿ ಒಣ ಪದಾರ್ಥ 43.5 ಕಿಲೋ ಮಾತ್ರ. 11 ಶೇಕಡಾ ಲೆಕ್ಕಕ್ಕೆ ತಂದರೆ ಅದು 48.9 ಕಿಲೋ. ಒಂದು ಕಿಲೋಗೂ ಹೆಚ್ಚು ನೀರನ್ನು ವ್ಯಾಪಾರಿ ಕಳೆದೇ ಕಳೆಯುತ್ತಾನೆ, ಮೇಲೆ ಬೂಷ್ಟು ಹಿಡಿಯುವ ಭಯಕ್ಕೆಂದು ಇನ್ನಷ್ಟು ಕಡಿತ ಮಾಡುತ್ತಾನೆ. ಜಾಗತಿಕ ಮಾರುಕಟ್ಟೆ ಬೆಳೆಗಾರನ ಕೈಯಲ್ಲಿಲ್ಲ ಎನ್ನುವುದು ನಿಜ, ಕಣ ಮಾತ್ರ ಅವನ ಕೈಯಲ್ಲೇ ಇದೆ.

ಮೂರನೆಯದು ಹೆಚ್ಚು ಮುಖ್ಯ. ಲಂಡನ್ ಶೇ. 10 ಇಳಿದು 4,050 ಆಯಿತು ಎನ್ನಿ. ಕಿಲೋಗೆ 356.40, ಖರ್ಚು ಕಳೆದು 336.40, ಚೀಲಕ್ಕೆ ಸುಮಾರು 8,915. ಇಳಿಕೆ ಶೇ. 10 ಅಲ್ಲ, ಹತ್ತೂವರೆ. ಇದೇ ಲೆಕ್ಕವನ್ನು ಲಂಡನ್ 2,000 ಡಾಲರ್ ಇದ್ದಾಗ ಮಾಡಿದರೆ ಇಳಿಕೆ ಶೇ. 11ಕ್ಕೂ ಮೇಲೆ. ಕಾರಣ ಸರಳ: ಲಾರಿ ಬಾಡಿಗೆ, ಕ್ಯೂರಿಂಗ್ ಕೂಲಿ ಬೆಲೆಯ ಜೊತೆ ಇಳಿಯುವುದಿಲ್ಲ. ನಡುವಿನ ಖರ್ಚು ಸ್ಥಿರವಾಗಿದ್ದಷ್ಟೂ ತೋಟದ ಬಾಗಿಲಿನ ಬೆಲೆ ಜಗತ್ತಿನ ಬೆಲೆಗಿಂತ ಜೋರಾಗಿ ಕುಣಿಯುತ್ತದೆ. ಬೆಲೆ ಕಡಿಮೆ ಇದ್ದಾಗ ಕುಣಿತ ಇನ್ನೂ ಜೋರು. ಬಡ ದೇಶಗಳ ಕಚ್ಚಾ ವಸ್ತು ಮಾರುವವರ ಆದಾಯ ಯಾಕೆ ಅಷ್ಟು ಏರಿಳಿಯುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಗುಣಾಕಾರದಲ್ಲೇ ಇದೆ.

ಎರಡು ವರ್ಷದಲ್ಲಿ ಮೂರು ಪಟ್ಟು

2023ರ ಆರಂಭದಲ್ಲಿ ಲಂಡನ್ ರೋಬಸ್ಟಾ 2,000 ಡಾಲರಿನ ಆಸುಪಾಸಿನಲ್ಲಿತ್ತು. 2024ರ ಏಪ್ರಿಲ್‌ನಲ್ಲಿ 4,000 ದಾಟಿತು. 2025ರ ಫೆಬ್ರುವರಿಯಲ್ಲಿ 5,500ಕ್ಕೂ ಮೇಲೆ ಹೋಯಿತು. ಅದೇ ತಿಂಗಳು ನ್ಯೂಯಾರ್ಕ್‌ನ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿ ಸಾರ್ವಕಾಲಿಕ ದಾಖಲೆ ಬರೆಯಿತು. ಈ ಏರಿಕೆಗೆ ಮುನ್ನ ಇದ್ದ ದಾಖಲೆ 1977ರದ್ದು, 1975ರಲ್ಲಿ ಬ್ರೆಜಿಲ್ ತೋಟಗಳನ್ನು ಸುಟ್ಟ ಹೆಪ್ಪುಮಂಜಿನ (ಫ್ರಾಸ್ಟ್) ಫಲ.

ಕಾರಣ ಹುಡುಕಿದರೆ ಒಂದೇ ಸಿಗುವುದಿಲ್ಲ. 2021ರ ಜುಲೈನಲ್ಲಿ ಬ್ರೆಜಿಲ್‌ನ ಅರೇಬಿಕಾ ತೋಟಗಳಿಗೆ ಮತ್ತೆ ಹೆಪ್ಪುಮಂಜು ಬಿದ್ದಿತ್ತು. ಸುಟ್ಟುಹೋದ ಗಿಡವನ್ನು ಕತ್ತರಿಸಿ ಮತ್ತೆ ಚಿಗುರಿಸಿ ಫಸಲಿಗೆ ತರಲು ಎರಡು ಮೂರು ವರ್ಷ ಬೇಕು. ಅರೇಬಿಕಾ ದುಬಾರಿಯಾದಾಗ ಹುರಿಯುವ ಕಂಪನಿಗಳು ಮಿಶ್ರಣದಲ್ಲಿ ರೋಬಸ್ಟಾ ಹೆಚ್ಚಿಸಿದವು. ರೋಬಸ್ಟಾದ ದೊಡ್ಡಣ್ಣ ವಿಯೆಟ್ನಾಂನಲ್ಲಿ ಆ ಹೊತ್ತಿಗೆ ಎಲ್ ನಿನೊ ತಂದ ಬರಗಾಲ. ಅಲ್ಲಿನ ಮಧ್ಯದ ಎತ್ತರದ ಪ್ರದೇಶದ ರೈತರು ಎಷ್ಟೋ ವರ್ಷಗಳ ಕಡಿಮೆ ಬೆಲೆಯಿಂದ ಬೇಸತ್ತು ಕಾಫಿ ಕಿತ್ತು ಡೂರಿಯನ್ ಹಣ್ಣಿನ ಮರ ನೆಟ್ಟಿದ್ದರು. ಚೀನಾ ಆ ಹಣ್ಣಿಗೆ ಒಳ್ಳೆಯ ಬೆಲೆ ಕೊಡುತ್ತಿತ್ತು. ಇದರ ಮೇಲೆ 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನ್‌ನ ಹೂತಿ ಬಂಡುಕೋರರ ದಾಳಿ. ಏಷ್ಯಾದಿಂದ ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು. ಹತ್ತು ಹದಿನೈದು ದಿನ ಹೆಚ್ಚು ಪ್ರಯಾಣ. ಅಷ್ಟು ದಿನ ಸರಕೂ ಸಮುದ್ರದಲ್ಲಿ, ಖಾಲಿ ಕಂಟೇನರೂ ಸಮುದ್ರದಲ್ಲಿ, ಸಾಲದ ಬಡ್ಡಿ ಮಾತ್ರ ದಡದಲ್ಲಿ ಓಡುತ್ತಿರುತ್ತದೆ.

ಪೂರೈಕೆ ಕೆಲವೇ ಶೇಕಡಾ ಕಡಿಮೆಯಾದರೆ ಬೆಲೆ ಯಾಕೆ ದುಪ್ಪಟ್ಟು, ಮುಪ್ಪಟ್ಟು? ಸ್ಥಿತಿಸ್ಥಾಪಕತ್ವ ಎಂದು ಪರೀಕ್ಷೆಗೆ ಬರೆಯುವ ಪದದ ಜಾಗ ಇದು; ಬೆಲೆ ಬದಲಾದಾಗ ಬೇಡಿಕೆ, ಪೂರೈಕೆ ಎಷ್ಟು ಬಗ್ಗುತ್ತವೆ ಎನ್ನುವುದೇ ಅದರ ಅರ್ಥ. ಹೋಟೆಲ್ ಕಾಫಿ ಒಂದು ಲೋಟಕ್ಕೆ ಸುಮಾರು 8 ಗ್ರಾಂ ಪುಡಿ ಎಂದುಕೊಳ್ಳಿ. ಕಿಲೋಗೆ 600 ರೂಪಾಯಿ ಇದ್ದರೆ ಲೋಟಕ್ಕೆ 4 ರೂಪಾಯಿ 80 ಪೈಸೆ. ಪುಡಿ ಬೆಲೆ ಶೇ. 50 ಏರಿದರೂ ಲೋಟಕ್ಕೆ ಹೆಚ್ಚುವುದು 2 ರೂಪಾಯಿ 40 ಪೈಸೆಯಷ್ಟೇ. ಬೆಳಗಿನ ಕಾಫಿಯನ್ನು ಅಷ್ಟಕ್ಕೆಲ್ಲ ಯಾರೂ ಬಿಡುವುದಿಲ್ಲ. ಬೇಡಿಕೆ ಬಗ್ಗುವುದಿಲ್ಲ. ಪೂರೈಕೆಯೂ ಬಗ್ಗುವುದಿಲ್ಲ, ಇವತ್ತು ನೆಟ್ಟ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಎರಡು ಕಡೆಯೂ ಬಗ್ಗದಿದ್ದರೆ ಬಗ್ಗಬೇಕಾದದ್ದು ಬೆಲೆಯೇ.

ಆ ಮೂರು ನಾಲ್ಕು ವರ್ಷದ ಅಂತರವೇ ಮುಂದಿನ ಕುಸಿತಕ್ಕೂ ಬೀಜ ಬಿತ್ತುತ್ತದೆ. ಬೆಲೆ ಏರಿದಾಗ ಎಲ್ಲರೂ ನೆಡುತ್ತಾರೆ, ಎಲ್ಲರ ಗಿಡವೂ ಒಂದೇ ಹೊತ್ತಿಗೆ ಹಣ್ಣಾಗುತ್ತದೆ. ಅರೇಬಿಕಾ ಕಿತ್ತು ರೋಬಸ್ಟಾ ಹಾಕುತ್ತಿರುವವರು 2025ರ ಮಧ್ಯದಲ್ಲಿ ಲಂಡನ್ ಬೆಲೆ ಕೆಲವೇ ತಿಂಗಳಲ್ಲಿ ಎಷ್ಟು ಇಳಿದಿತ್ತು ಎಂದು ಒಮ್ಮೆ ನೋಡುವುದು ಒಳ್ಳೆಯದು.

ಲಂಡನ್ ಏರಿದೆ, ಇಲ್ಲಿ ಯಾಕೆ ಏರಿಲ್ಲ?

2024ರಲ್ಲಿ ಬೆಳೆಗಾರರ ಬಾಯಲ್ಲಿ ಹೆಚ್ಚು ಕೇಳಿಬಂದ ಪ್ರಶ್ನೆ ಇದು. ವ್ಯಾಪಾರಿ ಮೋಸ ಮಾಡುತ್ತಿದ್ದಾನೆ ಎಂಬ ಉತ್ತರ ಸುಲಭ, ಕೆಲವೆಡೆ ನಿಜವೂ ಇರಬಹುದು. ಆದರೆ ಅದಿಲ್ಲದೆಯೂ ಹೀಗಾಗುತ್ತದೆ, ಹೇಗೆಂದು ತಿಳಿದರೆ ಹಣಕಾಸು ಮಾರುಕಟ್ಟೆಯ ಅರ್ಧ ಪಾಠ ಮುಗಿದಂತೆ.

ರಫ್ತುದಾರ ಇವತ್ತು ಚಿಕ್ಕಮಗಳೂರಿನಲ್ಲಿ 1,000 ಟನ್ ಕಾಫಿ ಕೊಂಡು ದಾಸ್ತಾನು ಮಾಡಿದ. ಸಾಗಿಸುವ ಹೊತ್ತಿಗೆ ಬೆಲೆ ಬಿದ್ದರೆ ಮುಳುಗಿಹೋಗುತ್ತಾನೆ. ಆ ಭಯಕ್ಕೆ ಲಂಡನ್‌ನಲ್ಲಿ ಅಷ್ಟೇ ಪ್ರಮಾಣದ, ಅಂದರೆ 100 ಕಾಂಟ್ರ್ಯಾಕ್ಟ್ ಮುಂಗಡ ಮಾರಾಟ ಮಾಡಿಡುತ್ತಾನೆ. ಬೆಲೆ ಬಿದ್ದರೆ ಇಲ್ಲಿನ ನಷ್ಟವನ್ನು ಅಲ್ಲಿನ ಲಾಭ ತುಂಬುತ್ತದೆ. ಇದು ಹೆಡ್ಜಿಂಗ್. ಈಗ ಬೆಲೆ ಟನ್ನಿಗೆ 500 ಡಾಲರ್ ಏರಿತು. ಗೋದಾಮಿನ ಕಾಫಿ ಮೇಲೆ ಅವನಿಗೆ 5 ಲಕ್ಷ ಡಾಲರ್ ಲಾಭ, ಆದರೆ ಅದು ಮಾರಿದಾಗ, ತಿಂಗಳುಗಳ ನಂತರ ಸಿಗುವ ಲಾಭ. ಲಂಡನ್‌ನ ಕಾಗದದ ಮೇಲೆ 5 ಲಕ್ಷ ಡಾಲರ್ ನಷ್ಟ. ಅದನ್ನು ವಿನಿಮಯ ಕೇಂದ್ರಕ್ಕೆ ತಕ್ಷಣ ನಗದಾಗಿ ಕಟ್ಟಬೇಕು. ಮಾರ್ಜಿನ್ ಕಾಲ್ ಎನ್ನುವುದು ಇದಕ್ಕೇ. 88 ರೂಪಾಯಿ ದರದಲ್ಲಿ 4.4 ಕೋಟಿ ರೂಪಾಯಿ, ಅದೂ ಒಂದು ವಾರದ ಏರಿಕೆಗೆ. ಪುಸ್ತಕದಲ್ಲಿ ಲಾಭನಷ್ಟ ಸರಿದೂಗಿದೆ, ಪೆಟ್ಟಿಗೆಯಲ್ಲಿ ದುಡ್ಡಿಲ್ಲ.

ಆಗ ಅವನು ಏನು ಮಾಡುತ್ತಾನೆ? ಹೊಸ ಖರೀದಿ ನಿಲ್ಲಿಸುತ್ತಾನೆ, ಇಲ್ಲವೇ ಲಂಡನ್ ಬೆಲೆಯಿಂದ ಮೊದಲಿಗಿಂತ ಹೆಚ್ಚು ಕಡಿತ ಹಾಕಿ ಕೊಳ್ಳುತ್ತಾನೆ. ಲಂಡನ್ ಬೆಲೆಗೂ ಇಲ್ಲಿನ ಬೆಲೆಗೂ ನಡುವಿನ ಈ ವ್ಯತ್ಯಾಸಕ್ಕೆ ವ್ಯಾಪಾರದಲ್ಲಿ ಡಿಫರೆನ್ಷಿಯಲ್ ಎನ್ನುತ್ತಾರೆ. ಒಳ್ಳೆಯ ಭಾರತೀಯ ತೊಳೆದ ರೋಬಸ್ಟಾ ಸಾಮಾನ್ಯವಾಗಿ ಲಂಡನ್‌ಗಿಂತ ಹೆಚ್ಚಿನ ಬೆಲೆಗೆ ಹೋಗುತ್ತದೆ. ಲಂಡನ್ ವಿಪರೀತ ಏರಿದಾಗ ಆ ಹೆಚ್ಚುವರಿ ಕರಗುತ್ತದೆ. ಮೇಲೆ ನಾವು ಕಳೆದ 20 ರೂಪಾಯಿ ಇಂಥ ದಿನಗಳಲ್ಲಿ 40 ಆಗಬಹುದು.

ಬಡ್ಡಿಯ ಕಥೆ ಇಲ್ಲಿಗೇ ಸೇರುತ್ತದೆ. ಅಮೆರಿಕದ ಫೆಡರಲ್ ರಿಸರ್ವ್ 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರವಿದ್ದ ದರವನ್ನು ಏರಿಸಲು ಶುರುಮಾಡಿ 2023ರ ಜುಲೈಗೆ ಶೇ. 5.25ರಿಂದ 5.50ರ ಮಟ್ಟಕ್ಕೆ ತಂದಿತು. ದಾಸ್ತಾನು ಇಟ್ಟುಕೊಳ್ಳುವುದು ದುಬಾರಿಯಾಯಿತು. ಯುರೋಪಿನ ಕಂಪನಿಗಳು ಗೋದಾಮು ತುಂಬಿಡುವ ಬದಲು ಬೇಕಾದಾಗ ಕೊಳ್ಳತೊಡಗಿದವು. ದಾಸ್ತಾನು ಕಡಿಮೆ ಇದ್ದಲ್ಲಿ ವಿಯೆಟ್ನಾಂನಲ್ಲಿ ಒಂದು ವಾರ ಮಳೆ ಬರದಿದ್ದರೂ ಬೆಲೆ ಹಾರುತ್ತದೆ. ವಾಷಿಂಗ್ಟನ್‌ನ ಹಣದುಬ್ಬರದ ಮದ್ದು ಮೂಡಿಗೆರೆಯ ಬೆಲೆ ಏರಿಳಿತವನ್ನು ಹೆಚ್ಚಿಸಿದ್ದು ಹೀಗೆ.

ರೂಪಾಯಿ ಬಿದ್ದರೆ ಒಳ್ಳೆಯದೇ?

2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿದಾಗ ರಫ್ತುದಾರರಿಗೆ ಲಾಭ ಎಂದು ಎಲ್ಲೆಡೆ ಬಂತು. ಪೂರ್ತಿ ಸುಳ್ಳಲ್ಲ, ಆದರೆ ಅವಸರದ ಮಾತು. ಕಾಫಿಯ ಮಟ್ಟಿಗೆ ರೂಪಾಯಿಗಿಂತ ಮುಖ್ಯ ಬ್ರೆಜಿಲ್‌ನ ರಿಯಾಲ್. ರಿಯಾಲ್ ಡಾಲರ್ ಎದುರು ಬಿದ್ದರೆ ಅಲ್ಲಿನ ಬೆಳೆಗಾರನಿಗೆ ತನ್ನ ನಾಣ್ಯದಲ್ಲಿ ಹೆಚ್ಚು ಸಿಗುತ್ತದೆ, ಗೋದಾಮಿನಿಂದ ಹೊರತೆಗೆದು ಮಾರುತ್ತಾನೆ, ಡಾಲರ್ ಬೆಲೆ ಇಳಿಯುತ್ತದೆ. ರೂಪಾಯಿ ಮತ್ತು ರಿಯಾಲ್ ಒಟ್ಟಿಗೆ ಬಿದ್ದರೆ ನಮಗೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದಂತೆ. ಇನ್ನು ತೋಟಕ್ಕೆ ಹಾಕುವ ಪೊಟ್ಯಾಷ್ ಪೂರ್ತಿ ಆಮದು. 2022ರಲ್ಲಿ ಉಕ್ರೇನ್ ಯುದ್ಧ ಮತ್ತು ಬೆಲಾರುಸ್ ಮೇಲಿನ ನಿರ್ಬಂಧದಿಂದ ಅದರ ಬೆಲೆ ಏರಿದ್ದನ್ನು ಯಾವ ಬೆಳೆಗಾರನೂ ಮರೆತಿಲ್ಲ. ಡೀಸೆಲ್ ಮೂಲವೂ ಹೊರಗಿನದೇ.

ಸುಂಕ: ನೇರ ಪೆಟ್ಟು, ಸುತ್ತು ಪೆಟ್ಟು

2025ರ ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್‌ನ ಸರಕುಗಳ ಮೇಲೆ ಸುಂಕವನ್ನು ಶೇ. 50ಕ್ಕೆ ಏರಿಸಿತು. ಕಿತ್ತಳೆ ರಸಕ್ಕೆ ವಿನಾಯಿತಿ ಸಿಕ್ಕಿತು, ಕಾಫಿಗೆ ಸಿಗಲಿಲ್ಲ. ಭಾರತದ ಸರಕಿಗೂ ಅದೇ ತಿಂಗಳ ಕೊನೆಗೆ ಶೇ. 50 ಆಯಿತು. ಸುಂಕದ ಪಠ್ಯದ ಚಿತ್ರದಲ್ಲಿ ದೇಶೀಯ ಉತ್ಪಾದಕನಿಗೆ ಸಿಗುವ ಲಾಭ ಎಂಬ ಒಂದು ಭಾಗ ಇರುತ್ತದಲ್ಲ, ಇಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ಹವಾಯಿ, ಪೋರ್ಟೊ ರಿಕೊದ ಚೂರುಪಾರು ಬಿಟ್ಟರೆ ಅಮೆರಿಕದಲ್ಲಿ ಕಾಫಿ ಬೆಳೆಯುವುದೇ ಇಲ್ಲ, ಅದು ಕೊಳ್ಳುವ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬ್ರೆಜಿಲ್‌ನದು. ಹಾಗಾಗಿ ಭಾರ ಬಿದ್ದದ್ದು ಬಹುಪಾಲು ಅಲ್ಲಿಯ ಕುಡಿಯುವವರ ಮೇಲೆ. ನವೆಂಬರ್‌ನಲ್ಲಿ ಕಾಫಿಯನ್ನು ಸುಂಕದಿಂದ ಹೊರಗಿಟ್ಟದ್ದು ಅಡುಗೆಮನೆಯ ಬೆಲೆಯ ಸಿಟ್ಟಿಗೆ ಹೆದರಿಯೇ.

ನಮ್ಮ ಕಾಫಿ ಹೆಚ್ಚಾಗಿ ಹೋಗುವುದು ಇಟಲಿ, ಜರ್ಮನಿ, ಬೆಲ್ಜಿಯಂ, ರಷ್ಯಾಗಳಿಗೆ. ಆದ್ದರಿಂದ ಭಾರತದ ಮೇಲಿನ ಸುಂಕದ ನೇರ ಪೆಟ್ಟು ಸಣ್ಣದು. ಸುತ್ತುಬಳಸಿ ಬಂದ ಪೆಟ್ಟು ದೊಡ್ಡದು: ಅಮೆರಿಕಕ್ಕೆ ಹೋಗದ ಬ್ರೆಜಿಲ್ ಕಾಫಿ ಯುರೋಪಿನತ್ತ ತಿರುಗಿದರೆ ಅಲ್ಲಿ ನಮ್ಮ ಚೀಲಕ್ಕೆ ಪೈಪೋಟಿ, ಅದೇ ಹೊತ್ತಿಗೆ ಅಮೆರಿಕದ ಗೋದಾಮು ಖಾಲಿಯಾಗಿ ನ್ಯೂಯಾರ್ಕ್ ಬೆಲೆ ಏರಿದರೆ ನಮ್ಮ ಅರೇಬಿಕಾಗೂ ಏರಿಕೆ. ಆ ವರ್ಷ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಏರಿದ್ದು ಹೀಗೆಯೇ. ಸುಂಕದ ಪರಿಣಾಮ ಕೇಳಿದರೆ ‘ನಾವು ಅವರಿಗೆ ಎಷ್ಟು ಮಾರುತ್ತೇವೆ’ ಎಂಬಲ್ಲಿಗೇ ನಿಲ್ಲಿಸಿದ ಉತ್ತರಕ್ಕೆ ಅರ್ಧ ಅಂಕವೇ ಸರಿ.

ಸುಂಕವಲ್ಲದ ಅಡೆತಡೆಗೆ ಉದಾಹರಣೆ ಯುರೋಪಿನ ಅರಣ್ಯನಾಶ ತಡೆ ಕಾನೂನು. 2023ರಲ್ಲಿ ಜಾರಿಗೆ ಬಂದ ಈ ಕಾನೂನಿನಂತೆ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಕಾಫಿಯ ಜೊತೆ ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರ, ದನ ಕೂಡ ಪಟ್ಟಿಯಲ್ಲಿವೆ. ಪಾಲಿಸಬೇಕಾದ ಗಡುವು ಮಾತ್ರ 2024ರ ಕೊನೆಯಿಂದ ಒಂದು ವರ್ಷ, ಮತ್ತೆ ಒಂದು ವರ್ಷ ಎಂದು ಮುಂದೆ ಹೋಗುತ್ತಲೇ ಬಂದಿದೆ. ಭಾರತವನ್ನು ಕಡಿಮೆ ಅಪಾಯದ ದೇಶಗಳ ಗುಂಪಿಗೆ ಹಾಕಿದ್ದಾರೆ. ಹಾಗಿದ್ದರೂ ತೋಟ ಎಲ್ಲಿದೆ ಎಂಬ ಅಕ್ಷಾಂಶ ರೇಖಾಂಶ ಕೊಡಲೇಬೇಕು. 4 ಹೆಕ್ಟೇರ್‌ವರೆಗೆ ಒಂದು ಬಿಂದು ಸಾಕು, ಮೇಲಾದರೆ ಸುತ್ತಲಿನ ಗಡಿರೇಖೆ ಬೇಕು. ಮಲೆನಾಡಿನಲ್ಲಿ ತೊಡಕು ಕಾಡಿನದ್ದಲ್ಲ, ಕಾಗದದ್ದು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿ, ಅಣ್ಣತಮ್ಮಂದಿರ ನಡುವೆ ಪೋಡಿ ಆಗಿಲ್ಲ, ಸರ್ವೆ ನಂಬರಿನ ಗಡಿ ಒಂದು ಕಡೆ, ಕಾಫಿ ಗಿಡ ಇನ್ನೊಂದು ಕಡೆ. ನೆರಳಿನ ಮರಗಳ ಕೆಳಗೆ ಬೆಳೆದ ತೋಟ ಉಪಗ್ರಹದ ಚಿತ್ರದಲ್ಲಿ ಕಾಡಿನಂತೆಯೇ ಕಾಣುತ್ತದೆ; ನೂರು ವರ್ಷದ ತೋಟದಲ್ಲಿ ನಾಲ್ಕು ಸಿಲ್ವರ್ ಓಕ್ ಕಡಿದರೂ ಅದನ್ನು ಕಾಡು ಕಡಿದದ್ದೆಂದು ತಪ್ಪಾಗಿ ಓದುವ ಸಾಧ್ಯತೆ ಇದೆ. ಬೆಳೆಗಾರರಲ್ಲಿ ಶೇ. 95ಕ್ಕೂ ಹೆಚ್ಚು ಮಂದಿ 10 ಹೆಕ್ಟೇರ್‌ಗಿಂತ ಕಡಿಮೆ ಇರುವವರು. ದಾಖಲೆಯ ಖರ್ಚು ಎಕರೆ ಲೆಕ್ಕದಲ್ಲಿ ಅವರಿಗೇ ಹೆಚ್ಚು.

ಲೆಕ್ಕವನ್ನು ಸ್ವಂತ ಮಾಡಿ ನೋಡಬೇಕೆಂದರೆ ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಸಾಕು: ದಿನಾಂಕ, ಲಂಡನ್ ಮುಕ್ತಾಯ ಬೆಲೆ, ರೂಪಾಯಿ ದರ, ಇಲ್ಲಿನ ಚೆರ್ರಿ ಬೆಲೆ, ಅದನ್ನು ಓಟಿಯಿಂದ ಭಾಗಿಸಿದಾಗ ಬರುವ ಕ್ಲೀನ್ ಕಾಫಿ ಬೆಲೆ. ಎರಡನೆಯದನ್ನು ಮೂರನೆಯದರಿಂದ ಗುಣಿಸಿ, 1,000ದಿಂದ ಭಾಗಿಸಿ, ಅದರಿಂದ ಐದನೆಯದನ್ನು ಕಳೆಯಿರಿ. ಉಳಿಯುವುದೇ ನಡುವಿನ ಖರ್ಚು ಮತ್ತು ಡಿಫರೆನ್ಷಿಯಲ್. ಲಂಡನ್ ವಹಿವಾಟು ಮುಗಿಯುವುದು ನಮ್ಮ ರಾತ್ರಿ, ಆದ್ದರಿಂದ ಸೋಮವಾರದ ಲಂಡನ್ ಬೆಲೆಯನ್ನು ಮಂಗಳವಾರದ ಚಿಕ್ಕಮಗಳೂರಿನ ಬೆಲೆಯ ಎದುರು ಬರೆಯಬೇಕು. ಅದೇ ದಿನದ್ದನ್ನು ಬರೆದರೆ ಇಲ್ಲದ ಲಾಭ, ಇಲ್ಲದ ಮೋಸ ಕಾಣುತ್ತದೆ. ಜನವರಿ, ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ನವೆಂಬರ್ ಎಂದು ಲಂಡನ್‌ನಲ್ಲಿ ಆರು ವಿತರಣಾ ತಿಂಗಳುಗಳಿವೆ. ತಿಂಗಳು ಬದಲಾಗುವಾಗ ಬೆಲೆ ತಾನಾಗಿ ಹಾರಿದಂತೆ ಕಾಣುತ್ತದೆ, ಅದು ಸುದ್ದಿಯಲ್ಲ.

ಇದೇ ಸೂತ್ರವನ್ನು ಅದೇ ತೋಟದ ಕರಿಮೆಣಸಿಗೆ ಹಚ್ಚಿದರೆ ಕೈಕೊಡುತ್ತದೆ. ಮೆಣಸಿಗೆ ಲಂಡನ್‌ನಂಥ ಒಂದೇ ಬೆಲೆಕಟ್ಟೆ ಇಲ್ಲ, ಬೆಳೆದದ್ದರ ದೊಡ್ಡ ಪಾಲನ್ನು ನಾವೇ ತಿನ್ನುತ್ತೇವೆ, ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಇದೆ, ಶ್ರೀಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಸುಂಕವಿಲ್ಲದೆ ಒಳಬರುತ್ತದೆ. ಸಿಲ್ವರ್ ಓಕ್ ಮೇಲೆ ಹಬ್ಬಿದ ಬಳ್ಳಿಯ ಬೆಲೆ ದೆಹಲಿಯ ಅಧಿಸೂಚನೆಗೆ ಅಲುಗುತ್ತದೆ, ಅದರ ಬುಡದ ಕಾಫಿ ಗಿಡದ ಬೆಲೆ ಲಂಡನ್‌ಗೆ.